ಡಬ್ಬಿಯ ಬಾಗಿಲು

ಉಚ್ಚೆ ಒರೆಸುವುದಕ್ಕೂ ಒಂದು ಕ್ರಮವಿದೆ. ಮೊದಲು ಪುಡಿ ಉದುರಿಸಬೇಕು. ಪುಡಿ ಹೀರಿಕೊಂಡ ಮೇಲೆ ಬಳಿದು ತೆಗೆಯಬೇಕು. ಆಮೇಲೆ ಬಿಸಿನೀರು, ಫಿನಾಯಿಲು, ಕೊನೆಗೆ ಒಣಬಟ್ಟೆ. ಕ್ರಮ ತಪ್ಪಿದರೆ ನಾತ ನೆಲದೊಳಗೆ ಇಳಿದು ಕೂರುತ್ತದೆ. ಹ್ಯಾಸ್ಕೆಲ್ ಬೆಂಡ್ ಊರಿನ ಪ್ರೈಮರಿ ಶಾಲೆಯಲ್ಲಿ ವರ್ನೆಟಾ ಎರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದಳು. ನೆಲ ಫಳಫಳ ಅನ್ನುತ್ತಿತ್ತು. ಹೊಗಳಿದವರು ಯಾರೂ ಇಲ್ಲ. ನೆಲ ಒರೆಸುವವಳನ್ನು ಯಾವ ಊರಿನಲ್ಲಿ ಯಾರು ಹೊಗಳಿದ್ದಾರೆ?

ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಮೀನಿನ ಕಾರ್ಖಾನೆ. ಮಂಜುಗಡ್ಡೆಯೊಳಗೆ ಕೈ ಹಾಕಿ ಕ್ಯಾಟ್‌ಫಿಶ್ ಸೀಳುವುದು, ಸೀಳುವುದು, ಸೀಳುವುದು. ಅಲ್ಲಿಂದ ಹೊರಟಾಗ ಬೆರಳು ಬೆರಳಾಗಿ ಇರುತ್ತಿರಲಿಲ್ಲ, ಹತ್ತು ಕೊರಡು. ಮಕ್ಕಳೆಲ್ಲ ಬಸ್ಸು ಹತ್ತಿ ಹೋದ ಮೇಲೆ ಶಾಲೆಯ ಕೆಲಸ. ಆ ಕೊರಡುಗಳಲ್ಲೇ ಮಾಪು ಹಿಡಿಯಬೇಕು.

ಕಾರಿಡಾರಿನ ಕೊನೆಯಲ್ಲಿ, ನೀರು ಕಾಯಿಸುವ ಬಾಯ್ಲರ್ ಪಕ್ಕ, ಒಂದು ಕೋಣೆ ಇತ್ತು. ದೊಡ್ಡವರು ಮಲಗಿದರೆ ಕಾಲು ಗೋಡೆಗೆ ತಾಗುವಷ್ಟು ಸಣ್ಣದು. ಕಿಟಕಿ ಇಲ್ಲ. ಗಟ್ಟಿ ಮರದ ಬಾಗಿಲು, ಹೊರಗಡೆಗೆ ತೆರೆಯುವಂಥದ್ದು. ಚಿಲಕ ಹೊರಗಡೆ. ಬಾಗಿಲಲ್ಲಿ ಅಂಗೈಯಗಲದ ಒಂದು ಗಾಜು, ಅದೂ ಟೀಚರುಗಳ ಮುಖದ ಮಟ್ಟಕ್ಕೆ. ಒಳಗಿನ ಮಗುವಿಗೆ ಅದು ಆಕಾಶದಷ್ಟು ಎತ್ತರ. ಕಸಗುಡಿಸುವವರು ಅದನ್ನು ಡಬ್ಬಿ ಎನ್ನುತ್ತಿದ್ದರು. ಶಾಲೆಯಲ್ಲಿ ಬೇರೆಲ್ಲೂ ಪುಡಿ ಉದುರಿಸದ ದಿನವಿರುತ್ತಿತ್ತು, ಡಬ್ಬಿಯಲ್ಲಿ ಮಾತ್ರ ಇರುತ್ತಿರಲಿಲ್ಲ. ಉಚ್ಚೆ, ಉಗುಳು, ಒಮ್ಮೊಮ್ಮೆ ವಾಂತಿ. ಬಾಗಿಲ ಒಳಮೈಯಲ್ಲಿ ಮೊಣಕಾಲೆತ್ತರಕ್ಕೆ ಉಗುರಿನ ಗೀರುಗಳು, ಹಲ್ಲಿನ ಗುರುತುಗಳು.

ವರ್ನೆಟಾ ಬೈದುಕೊಂಡೇ ಒರೆಸುತ್ತಿದ್ದಳು. ಯಾವಳು ಹೆತ್ತಳೋ ಇಂಥಾ ಪೀಡೆಯನ್ನ, ಹೆತ್ತು ಊರ ಮೇಲೆ ಬಿಟ್ಟಳು, ನನ್ನ ಸೊಂಟ ಬಿತ್ತು.

ಅವಳು ಹೆತ್ತದ್ದು ಕೊರಾಲಿಯನ್ನು. ಆರು ವರ್ಷ. ಮಾತಿಲ್ಲ. ಜಾಕ್ಸನ್ ಪಟ್ಟಣದ ಡಾಕ್ಟರು ಆಟಿಸಂ ಎಂದಿದ್ದರು. ವರ್ನೆಟಾ ಆ ಹೆಸರನ್ನು ಕೇಳಿಕೊಂಡು ಬಂದು, ಮಗುವಿಗೆ ಅದು ಬಿಟ್ಟು ಬೇರೆ ಏನೇನಿದೆ ಎಂದು ನೋಡುತ್ತಾ ಬದುಕಿದ್ದಳು. ಮೆಕ್ಕೆಜೋಳದ ಗಂಜಿ ಬಿಟ್ಟು ಬೇರೆ ಮುಟ್ಟುವುದಿಲ್ಲ. ರೈಲು ದೂರದಲ್ಲಿರುವಾಗಲೇ ಕಿವಿ ಮುಚ್ಚಿಕೊಳ್ಳುತ್ತಾಳೆ, ಮಿಕ್ಕವರಿಗೆ ಆಮೇಲೆ ಕೇಳಿಸುತ್ತದೆ. ಖುಷಿಯಾದರೆ ಗುಂಯ್ ಎಂದು ರಾಗ ತೆಗೆಯುತ್ತಾಳೆ. ತಲೆ ಮುಟ್ಟಿದರೆ ಕೆಂಡ ಮುಟ್ಟಿಸಿದ ಹಾಗೆ ಕಿರುಚುತ್ತಾಳೆ, ಆದರೂ ಭಾನುವಾರ ಬಂದರೆ ಬಾಚಣಿಗೆ ತಾನೇ ತಂದು ತಾಯಿಯ ತೊಡೆಯ ಮೇಲೆ ಇಡುತ್ತಾಳೆ. ಒಂದು ಎಳೆ ಹೆಣೆದು ಬಿಡಬೇಕು. ಅವಳು ಎದ್ದು ಹೋಗಿ ವರಾಂಡದ ಕಂಬ ಸುತ್ತಿ ಬರುತ್ತಾಳೆ. ಮತ್ತೊಂದು ಎಳೆ. ಮತ್ತೆ ಕಂಬ. ಇಡೀ ಮಧ್ಯಾಹ್ನ ಹೀಗೆ. ಪ್ರತಿ ಜಡೆಯ ತುದಿಗೂ ನೇರಳೆ ಮಣಿ. ಬೇರೆ ಬಣ್ಣ ನಡೆಯುವುದಿಲ್ಲ. ತಲೆ ಆಡಿಸಿದರೆ ಮಣಿಗಳು ಟಕಟಕ ಎನ್ನುತ್ತವೆ. ಆ ಸದ್ದಿಗಾಗಿ ಅವಳು ಅಷ್ಟು ನೋವನ್ನೂ ನುಂಗುತ್ತಾಳೆ.

ಹೋದ ವರ್ಷ ಅದೇ ಶಾಲೆಗೆ ಸೇರಿಸಿದ ಮೇಲೆ ಗುಂಯ್ ರಾಗ ನಿಂತಿತು. ಮನೆಯಲ್ಲಿ ಯಾವ ಬಾಗಿಲನ್ನೂ ಮುಚ್ಚಗೊಡುತ್ತಿರಲಿಲ್ಲ. ಕೊರಾಲಿಯನ್ನು ನೋಡಿಕೊಳ್ಳುತ್ತಿದ್ದವಳು ವರ್ನೆಟಾಳ ಚಿಕ್ಕಮ್ಮ ಲೂವೀನಿಯಾ, ಎಪ್ಪತ್ತು ದಾಟಿದವಳು. ಅವಳು ಬಚ್ಚಲಿಗೆ ಹೋದರೂ ಬಾಗಿಲು ತೆರೆದೇ ಇರಬೇಕು. "ಈ ವಯಸ್ಸಲ್ಲಿ ನನ್ನ ಮಾನ ಊರಿಗೆಲ್ಲ ಕಾಣಿಸ್ತಿದೆ ಕಣೇ," ಎಂದು ಅವಳು ನಗುತ್ತಿದ್ದಳು. ವರ್ನೆಟಾಳೂ ನಗುತ್ತಿದ್ದಳು. ವಾರಕ್ಕೆ ಎರಡು ಸಲ ಒದ್ದೆ ಚಡ್ಡಿ ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ಬರುತ್ತಿತ್ತು. ಕೇಳಿದರೆ ಹೆಡ್‌ಮಿಸ್ಟ್ರೆಸ್ ಮಿಸೆಸ್ ಪ್ರೂವಿಟ್ ಬೆಣ್ಣೆಯಂಥ ದನಿಯಲ್ಲಿ, "ಇವತ್ತು ಸ್ವಲ್ಪ ಗಲಾಟೆ ಮಾಡಿದ್ಲು. ಶಾಂತಿ ಕೋಣೇಲಿ ಕೂರಿಸಿದ್ವಿ," ಎನ್ನುತ್ತಿದ್ದಳು. ಶಾಂತಿ ಕೋಣೆ ಎಂದರೆ ಎಲ್ಲೋ ದಿಂಬು, ಗೊಂಬೆ, ಸಣ್ಣ ದೀಪ ಇಟ್ಟ ಜಾಗವಿರಬೇಕು ಎಂದು ವರ್ನೆಟಾ ಅಂದುಕೊಂಡಿದ್ದಳು. ಇಡೀ ಶಾಲೆಯನ್ನು ಮೂಲೆ ಮೂಲೆ ಒರೆಸುವವಳು. ಅಂಥ ಜಾಗ ತನ್ನ ಕಣ್ಣಿಗೆ ಯಾಕೆ ಬಿದ್ದಿಲ್ಲ ಎಂದು ಕೇಳಿಕೊಳ್ಳಲಿಲ್ಲ. ದೊಡ್ಡವರು ಹೇಳಿದ್ದನ್ನು ನಂಬುವುದು ಅವಳಿಗೆ ಹುಟ್ಟಿನಿಂದ ಕಲಿಸಿದ ಪಾಠ. ಒಂದೇ ಕೋಣೆಗೆ ಎರಡು ಹೆಸರು, ತಾಯಂದಿರಿಗೊಂದು, ಒರೆಸುವವರಿಗೊಂದು. ತಾಯಿಯೇ ಒರೆಸುವವಳಾಗಿರಬಹುದು ಎಂದು ಹೆಸರಿಟ್ಟವರಿಗೂ ಹೊಳೆದಿರಲಿಲ್ಲ.

ಅವತ್ತು ಮಂಗಳವಾರ. ಡಬ್ಬಿಯಲ್ಲಿ ಮೊಣಕಾಲೂರಿ ಬಳಿಯುತ್ತಿದ್ದಾಗ ಕಸದ ಮೊರದೊಳಗೆ ಏನೋ ಟಕ್ ಎಂದಿತು. ನೇರಳೆ ಮಣಿ. ಮೂಲೆಯಲ್ಲಿ ಇನ್ನೊಂದು. ಅದು ಜಡೆಯ ಸಮೇತ ಬಿದ್ದಿತ್ತು. ಜಡೆಯ ಬುಡದಲ್ಲಿ ಚರ್ಮದ ಚೂರು, ಒಣಗಿದ ರಕ್ತ. ತುದಿಯನ್ನು ಎರಡು ಸಲ ಮಡಚಿ ಸಣ್ಣ ರಬ್ಬರು ಸುತ್ತಿತ್ತು. ಹಾಗೆ ಸುತ್ತುವುದು ವರ್ನೆಟಾಳ ಕೈಯ ಅಭ್ಯಾಸ.

ಅವಳು ಎದ್ದು ನಿಲ್ಲಲಿಲ್ಲ. ಅಲ್ಲೇ ಕೂತು ಬಾಗಿಲನ್ನು ಎಳೆದುಕೊಂಡಳು. ಕತ್ತಲೆ. ಬಾಯ್ಲರಿನ ಗುಡುಗು ಗೋಡೆಯೊಳಗಿಂದ ಎದೆಗೆ ಬಂದು ಬಡಿಯಿತು. ದೂರದ ರೈಲಿಗೇ ಕಿವಿ ಮುಚ್ಚಿಕೊಳ್ಳುವ ಮಗುವನ್ನು ತಂದು ಇದರ ಪಕ್ಕ ಕೂಡಿಹಾಕಿದ್ದಾರೆ. ಎರಡು ವರ್ಷ ಬೈದಿದ್ದಳಲ್ಲ, ಯಾವಳು ಹೆತ್ತಳೋ ಎಂದು. ಬಕೆಟ್ಟಿಗೆ ಬಗ್ಗಿ ಕಾರಿಕೊಂಡಳು. ಬಾಯಿ ಒರೆಸಿಕೊಂಡು, ಜಡೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಆಫೀಸಿಗೆ ನಡೆದಳು.

ಮಿಸೆಸ್ ಪ್ರೂವಿಟ್ ಹೊರಡಲು ಕೈಚೀಲ ಎತ್ತಿಕೊಳ್ಳುತ್ತಿದ್ದಳು.

"ನನ್ ಮಗೂನ ಡಬ್ಬೀಲಿ ಹಾಕ್ತಿದ್ದೀರಾ?"

"ಡಬ್ಬಿ ಅಂದ್ರೆ ಯಾವುದು ವರ್ನೆಟಾ?"

"ಬಾಯ್ಲರ್ ಪಕ್ಕದ್ದು."

"ಓ, ಶಾಂತಿ ಕೋಣೆ. ಹೌದು. ನಿನಗೆ ಎಷ್ಟೋ ಸಲ ಹೇಳಿದ್ದೀನಲ್ಲ."

"ಚಿಲಕ ಹಾಕ್ತೀರಾ?"

"ಚಿಲಕ ಅನ್ಬೇಡ. ಅದು ಮಗೂನ ಸುರಕ್ಷತೆಗೆ ಇರೋದು."

"ಹೊರಗಿನಿಂದ ಹಾಕೋದಕ್ಕೆ ನಮ್ ಕೇರಿಯಲ್ಲಿ ಚಿಲಕ ಅಂತಾನೇ ಅನ್ನೋದು." ವರ್ನೆಟಾ ಜಡೆಯನ್ನು ತೆಗೆದು ಮೇಜಿನ ಮೇಲಿಟ್ಟಳು. "ಕೂದಲು ಕಿತ್ಕೊಂಡಿದ್ದಾಳೆ. ಬುಡಸಮೇತ."

ಮಿಸೆಸ್ ಪ್ರೂವಿಟ್ ಅದನ್ನು ನೋಡಿ ಮೂಗು ಸಣ್ಣಗೆ ಮಾಡಿದಳು. "ಇಂಥ ಮಕ್ಕಳಿಗೆ ನಮ್ಮಷ್ಟು ನೋವು ಗೊತ್ತಾಗಲ್ಲ. ನೀನು ಸುಮ್ನೆ ಮನಸ್ಸಿಗೆ ಹಚ್ಕೊಂಡಿದ್ದೀಯ."

"ಗೊತ್ತಾಗಲ್ಲ ಅಂತ ನಿಮಗೆ ಯಾರು ಹೇಳಿದ್ರು? ಅವಳೇ ಹೇಳಿದ್ಲಾ?"

ಬೆಣ್ಣೆಯ ದನಿ ಅಲ್ಲಿಗೆ ಮುಗಿಯಿತು. "ನೋಡು. ನೀನೀಗ ತಾಯಿಯಾಗಿ ಮಾತಾಡ್ತಿದ್ದೀಯೋ, ಕೆಲಸದವಳಾಗಿ ಮಾತಾಡ್ತಿದ್ದೀಯೋ? ತಾಯಿ ಅಂದ್ರೆ ಫೋನ್ ಮಾಡಿ ಸಮಯ ತಗೊಂಡು ಬಾ. ಕೆಲಸದವಳು ಅಂದ್ರೆ, ಆ ಕೋಣೆ ಇನ್ನೂ ನಾರ್ತಿದೆ. ಹೋಗಿ ಮುಗ್ಸು. ನಾಳೆ ಬೇಕಾಗತ್ತೆ."

ನಾಳೆ ಬೇಕಾಗತ್ತೆ. ಅಷ್ಟು ಸಲೀಸಾಗಿ ಹೇಳಿದಳು.

"ನನ್ ಮಗಳ ಉಚ್ಚೆ ಮನೇಲಿ ಸಾವಿರ ಸಲ ಒರಸ್ತೀನಿ," ಅಂದಳು ವರ್ನೆಟಾ. "ಇಲ್ಲಿ ಒರಸಲ್ಲ."

"ಏನಂದೆ?"

"ಒರಸಲ್ಲ ಅಂದೆ. ಕಿವಿ ಕೇಳತ್ತಲ್ಲ ನಿಮಗೆ?"

ಜಡೆಯನ್ನು ಎತ್ತಿಕೊಂಡು ಹೊರಬಂದಳು. ಹುಟ್ಟಿದಾಗಿನಿಂದ ಇಂಥ ಮಾತನ್ನು ಯಾರಿಗೂ ಎದುರಿಗೆ ನಿಂತು ಆಡಿರಲಿಲ್ಲ. ಆಡಿದ್ದು ಬಹಳ ರುಚಿಯಾಗಿತ್ತು.

ಸಾಮಾನಿನ ಕೋಣೆಯಲ್ಲಿ ಮೇಸ್ತ್ರಿ ಡೆಲ್ಮರ್ ಕೂತು ಚಹಾ ಕುಡಿಯುತ್ತಿದ್ದ. ಮೂವತ್ತು ವರ್ಷ ಅದೇ ಶಾಲೆಯಲ್ಲಿ ಗುಡಿಸಿ ತೇದುಹೋದ ಮುದುಕ. ಅವಳು ಸುತ್ತಿಗೆ ಮತ್ತು ದಪ್ಪ ಮೊಳೆ ಹುಡುಕುವುದನ್ನು ನೋಡಿ ಲೋಟ ಕೆಳಗಿಟ್ಟ. ಅವಳು ಜಡೆ ತೋರಿಸಿದಳು. ಬೇರೇನೂ ಹೇಳಬೇಕಾಗಲಿಲ್ಲ.

"ಆ ಚಿಲಕ ಹಾಕಿದ್ದು ನಾನೇ ಕಣವ್ವಾ," ಅಂದ ಡೆಲ್ಮರ್. "ಹಾಕು ಅಂದ್ರು. ಹಾಕ್ದೆ."

"ನಂಗೂ ಒರೆಸು ಅಂದ್ರು ಮಾವ. ಒರೆಸ್ದೆ."

"ಬಾಗಿಲನ್ನೇ ಕಳಚ್ಬೇಕಾ? ಚಿಲಕ ಒಂದು ಕಿತ್ತರೆ ಸಾಲ್ದೇನೇ?"

"ನಾಳೆ ಬೆಳಿಗ್ಗೆ ಇನ್ನೊಂದು ಹಾಕಿಸ್ತಾರೆ. ನಿನ್ ಕೈಲೇ ಹಾಕಿಸ್ತಾರೆ."

ಮುದುಕ ತಲೆ ತಗ್ಗಿಸಿದ. "ಮಗೂನ ಮನೇಲಿ ಇಟ್ಕೊಂಡುಬಿಡು. ಕಳಿಸ್ಬೇಡ."

"ಮನೇಲಿ ಕೂಡಿಹಾಕಿದ್ರೆ ಅದೂ ಡಬ್ಬೀನೇ ಅಲ್ವಾ? ಅದಕ್ಕೆ ನಾನೇ ಚಿಲಕ ಹಾಕಿದ ಹಾಗಾಯ್ತು."

"ಕೆಲ್ಸ ಹೋಗತ್ತೆ ಕಣೇ."

"ಹೋಗ್ಲಿ. ಮೀನು ಎಲ್ಲೂ ಹೋಗಲ್ಲ."

ಪ್ರತಿ ಬೇಸಿಗೆಯಲ್ಲಿ ನೆಲಕ್ಕೆ ಮೇಣ ಹಾಕುವಾಗ ಶಾಲೆಯ ಬಾಗಿಲುಗಳನ್ನೆಲ್ಲ ಕಳಚಿಡುವುದು ಇವರಿಬ್ಬರ ಕೆಲಸ. ಇಲ್ಲದಿದ್ದರೆ ಮೇಣ ಒಣಗಿ ಬಾಗಿಲು ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಬಿಜಾಗರಿಯ ಕಡ್ಡಿಗೆ ಕೆಳಗಿನಿಂದ ಮೊಳೆ ಕೊಟ್ಟು ಬಡಿದರೆ ಮೇಲೆದ್ದು ಬರುತ್ತದೆ. ಡಬ್ಬಿಯ ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿದ್ದರಲ್ಲ, ಮಗು ಒಳಗಿನಿಂದ ಏನೂ ಮಾಡಲಾಗದ ಹಾಗೆ. ಹಾಗಾಗಿ ಬಿಜಾಗರಿಯೂ ಹೊರಗೇ ಇತ್ತು. ವರ್ನೆಟಾ ಮೇಲಿನ ಕಡ್ಡಿಗೆ ಮೊಳೆ ಇಟ್ಟಳು. ಮರಗಟ್ಟಿದ ಬೆರಳಿಗೇ ಪೆಟ್ಟು ಬಿತ್ತು.

"ಕೆಳಗಿಂದು ಮೊದಲು," ಅಂದ ಹಿಂದಿನಿಂದ ಡೆಲ್ಮರ್. "ಮೇಲಿಂದು ಮೊದಲು ತೆಗೆದ್ರೆ ಮೈಮೇಲೆ ಬೀಳತ್ತೆ. ಕೋಪದಲ್ಲಿ ಕೆಲ್ಸ ಮರೀಬಾರ್ದು."

ಕೆಳಗಿನದು ಬಂತು. ನಡುವಿನದು ಬಂತು. ಮೇಲಿನದು ಬರುವಾಗ ಮುದುಕ ಬಾಗಿಲಿಗೆ ಭುಜ ಕೊಟ್ಟು ನಿಂತಿದ್ದ. ಇಬ್ಬರೂ ಅದನ್ನು ಕುರ್ಚಿ ಸಾಗಿಸುವ ತಳ್ಳುಗಾಡಿಯ ಮೇಲೆ ಇಳಿಸಿದರು.

"ಎಲ್ಲಿಗೆ ಒಯ್ತೀಯ?"

"ಇದನ್ನ ಹಾಕ್ಸಿದವರ ಹತ್ರ. ಇವತ್ತು ಶಾಲೆ ಮಂಡಳಿ ಸಭೆ ಅಲ್ವಾ?"

ಗಾಡಿಯ ಒಂದು ಚಕ್ರ ಕಿರ್ರೆನ್ನುತ್ತಿತ್ತು. ರಸ್ತೆಯಲ್ಲಿ ಸಂಜೆಯ ಬಿಸಿಲು. ಜನ ವರಾಂಡದಲ್ಲಿ ಕೂತು ಬೀಸಣಿಗೆ ಆಡಿಸುತ್ತಿದ್ದರು. ಒಬ್ಬ ಕೂಗಿದ, "ಏನೇ ವರ್ನೆಟಾ, ಮನೆ ಕಟ್ಸಕ್ಕೆ ಬಾಗಿಲಿಂದ ಶುರು ಮಾಡಿದ್ದೀಯಲ್ಲೇ!"

"ಕಟ್ತಿಲ್ಲ ಕಣಪ್ಪೋ, ಕೆಡವ್ತಿದ್ದೀನಿ!"

ನಕ್ಕರು. ಅವಳ ಮುಖ ನೋಡಿ ನಗು ನಿಲ್ಲಿಸಿದರು. ಪೆಟ್ರೋಲ್ ಬಂಕಿನ ಎದುರು ಚಕ್ರ ಗುಂಡಿಗೆ ಇಳಿಯಿತು. ಎಳೆದಳು, ನೂಕಿದಳು, ಬಗ್ಗಿ ಎತ್ತಿದಳು. ಬರಲಿಲ್ಲ. ಬಂಕಿನ ಗಲ್ಲಾದಲ್ಲಿ ಕೂರುವ ಡಾರ್ಲಾ ಹೊರಗೆ ಬಂದಳು. ಬಿಳಿಯರವಳು, ರೈಲುಹಳಿಯ ಆಚೆ ತಗಡಿನ ಮನೆಗಳಲ್ಲಿ ಇರುವವಳು. ಚಿಲ್ಲರೆ ಮಾತು ಬಿಟ್ಟರೆ ಇಬ್ಬರ ನಡುವೆ ಬೇರೆ ಮಾತು ನಡೆದಿದ್ದಿಲ್ಲ.

"ಏನಿದು?" ಅಂದಳು.

"ಶಾಲೇಲಿ ಮಕ್ಕಳನ್ನ ಕೂಡಿಹಾಕೋ ಕೋಣೆ ಬಾಗಿಲು. ನನ್ ಮಗಳು ಇದರ ಹಿಂದೆ ಇದ್ಲು."

ಡಾರ್ಲಾ ಬಾಗಿಲ ಮೇಲೆ ಬೆರಳಾಡಿಸಿದಳು. ಹಲ್ಲಿನ ಗುರುತಿನ ಹತ್ತಿರ ಬೆರಳು ನಿಂತಿತು.

"ಚಳಿಗಾಲದಲ್ಲಿ ನನ್ ಮಗ ವೇಡ್ ಶಾಲೆಯಿಂದ ಮುಂದಿನ ಹಲ್ಲು ಮುರ್ಕೊಂಡು ಬಂದ. ಜಾರುಬಂಡೆಯಿಂದ ಬಿದ್ದ ಅಂದ್ರು. ಅವನಿಗೂ ನಿನ್ ಮಗಳ ಥರಾನೇ. ಮಾತು ಬರತ್ತೆ, ಆದ್ರೆ ಹೇಳಕ್ಕೆ ಬರಲ್ಲ. ಜಾರುಬಂಡೆ ಹತ್ತೋದೇ ಇಲ್ಲ ಕಣೇ ಅವನು. ಅವನಿಗೆ ಎತ್ತರ ಅಂದ್ರೆ ಭಯ. ಆದ್ರೂ ನಾನು ನಂಬಿದೆ."

"ನಾನೂ ನಂಬಿದ್ದೆ. ಬಾ, ಆ ಕಡೆ ಹಿಡಿ."

ಡಾರ್ಲಾ ಗಲ್ಲಾ ಪೆಟ್ಟಿಗೆಗೆ ಬೀಗ ಹಾಕಲೂ ಹೋಗಲಿಲ್ಲ.

ಸಭೆ ಊರ ಹಳೆಯ ಹಾಲ್‌ನಲ್ಲಿ. ಉದ್ದ ಮೇಜಿನ ಹಿಂದೆ ಮಂಡಳಿಯವರು, ಒಬ್ಬೊಬ್ಬರ ಮುಂದೆ ಒಂದೊಂದು ನೀರಿನ ಬಾಟಲಿ. ನಡುವೆ ಅಧ್ಯಕ್ಷ ಹೊಲೊಮನ್. ವರ್ನೆಟಾಳ ಚರ್ಚಿನ ಹಿರಿಯ, ಅವಳ ಹಾಗೇ ಕರಿಯರವನು. ಅವನ ಅಪ್ಪನಿಗೆ ಒಂದು ಕಾಲದಲ್ಲಿ ಈ ಹಾಲ್‌ನ ಮುಂಬಾಗಿಲಲ್ಲಿ ಕಾಲಿಡುವ ಹಾಗಿರಲಿಲ್ಲ. ಮಗ ಈಗ ನಡುವಿನ ಕುರ್ಚಿಯಲ್ಲಿ ಕೂತಿದ್ದ. ಕೂತ ಮೇಲೆ ಕುರ್ಚಿಯ ಮಾತನ್ನೇ ಆಡುತ್ತಿದ್ದ. ಶಾಲೆಗೆ ಸೇರುವ ಮುಂಚಿನ ಈಸ್ಟರ್ ಹಬ್ಬದಲ್ಲಿ ಕೊರಾಲಿ ಪ್ರಾರ್ಥನೆಯ ನಡುವೆ ಗುಂಯ್ ಎಂದದ್ದಕ್ಕೆ, "ಮಗೂನ ಕೆಳಗಿನ ಕೋಣೇಲಿ ಕೂರಿಸು ತಂಗಿ," ಎಂದವನು ಅವನೇ. ವರ್ನೆಟಾ ಎತ್ತಿಕೊಂಡು ಹೋಗಿ ಕೂರಿಸಿದ್ದಳು. ಅಂಗಡಿಯಲ್ಲಿ, ಬಸ್ಸಿನಲ್ಲಿ, ದೇವರ ಮನೆಯಲ್ಲಿ, ಎಲ್ಲ ಕಡೆ ಮಗುವಿನ ಬಾಯಿ ಮುಚ್ಚಿಸಿ, ಕ್ಷಮಿಸಿ ಕ್ಷಮಿಸಿ ಎನ್ನುತ್ತ ಹೊರಗೆ ಎತ್ತಿಕೊಂಡು ಹೋದವಳೇ ಅವಳು.

ಇಬ್ಬರು ಹೆಂಗಸರು ಬಾಗಿಲು ಹೊತ್ತು ಒಳಬಂದು, ಮಂಡಳಿಯ ಮೇಜಿಗೆ ಒರಗಿಸಿ ನಿಲ್ಲಿಸಿದರು. ಹಲ್ಲಿನ ಗುರುತು ಮಂಡಳಿಯ ಕಡೆಗೆ. ನೀರಿನ ಬಾಟಲಿ ಒಂದು ಉರುಳಿತು. ಆಗಲೇ ಬಂದು ಕೂತಿದ್ದ ಮಿಸೆಸ್ ಪ್ರೂವಿಟ್ ಎದ್ದು ನಿಂತಳು. "ಕದ್ದಿದ್ದಾಳೆ! ಶಾಲೆ ಆಸ್ತಿ ಅದು!" ಹಾಲ್‌ನ ಬಾಗಿಲ ಹತ್ತಿರ ನಿಂತಿದ್ದ ಪೊಲೀಸಿನವನು ಎರಡು ಹೆಜ್ಜೆ ಮುಂದೆ ಬಂದ.

ಹೊಲೊಮನ್ ಕೈ ಎತ್ತಿದ. "ತಂಗೀ, ಏನಿದೆಲ್ಲ? ಬಾಗಿಲು ವಾಪಸ್ ಹಾಕಿ ಬಾ. ಆಮೇಲೆ ಮಾತಾಡೋಣ."

"ಈಗ್ಲೇ ಮಾತಾಡ್ತೀನಿ ಅಣ್ಣ."

"ಮಾತಾಡೋದಿದ್ರೆ ನಿಯಮ ಇದೆ. ಒಬ್ರಿಗೆ ಮೂರು ನಿಮಿಷ. ಬೇಕಾದ್ರೆ ಒಬ್ರ ಸಮಯ ಇನ್ನೊಬ್ರಿಗೆ ಬಿಟ್ಟುಕೊಡಬಹುದು. ಮಾತಾಡೋರ ಮಧ್ಯೆ ಯಾರೂ ಬಾಯಿ ಹಾಕೋ ಹಾಗಿಲ್ಲ. ಗಂಟೆ ಹೊಡೆದ ಮೇಲೆ ಕೂತ್ಕೋಬೇಕು." ಮೇಜಿನ ಮೇಲಿದ್ದ, ಅಡುಗೆಮನೆಯಲ್ಲಿ ಇಡುವಂಥ ಗಂಟೆ ಗಡಿಯಾರದ ಕಿವಿ ತಿರುಗಿಸಿದ.

ವರ್ನೆಟಾ ಬಾಯಿ ತೆರೆದಳು. ಅಷ್ಟರಲ್ಲಿ ಹಿಂದೆ ಸದ್ದಾಯಿತು. ಸುದ್ದಿ ಕೇಳಿ ಲೂವೀನಿಯಾ ಓಡೋಡಿ ಬಂದಿದ್ದಳು, ಕೊರಾಲಿಯ ಕೈ ಹಿಡಿದುಕೊಂಡು. ಕೊರಾಲಿ ಬಾಗಿಲನ್ನು ನೋಡಿದಳು. ಲೂವೀನಿಯಾಳ ಕೈ ಬಿಡಿಸಿಕೊಂಡಳು. ಕುರ್ಚಿಗಳ ನಡುವೆ ನೇರವಾಗಿ ನಡೆದು ಬಂದು ಬಾಗಿಲಿಗೆ ಎರಡೂ ಮುಷ್ಟಿಯಿಂದ ಗುದ್ದಿದಳು. ಒದ್ದಳು. ಪಕ್ಕದಿಂದ ಹಿಡಿದು ಜಗ್ಗಿದಳು. ಬಾಗಿಲು ಜಾರಿತು. ಡಾರ್ಲಾ ಮಗುವನ್ನು ಪಕ್ಕಕ್ಕೆ ಸೆಳೆದಳು. ಬಾಗಿಲು ಧಡಾರನೆ ನೆಲಕ್ಕೆ ಬಿತ್ತು. ಕೊರಾಲಿ ಅದರ ಮೇಲೆ ಹತ್ತಿ ನಿಂತಳು. ನಿಂತು ಕಿರುಚಿದಳು. ಹಾಲ್‌ನ ಗಾಜು ನಡುಗುವ ಹಾಗೆ ಕಿರುಚಿದಳು. ಕಾಲು ಅಪ್ಪಳಿಸಿ ಅಪ್ಪಳಿಸಿ ಕಿರುಚಿದಳು.

"ನೋಡಿ, ನೋಡಿ!" ಮಿಸೆಸ್ ಪ್ರೂವಿಟ್ ಕೂಗಿದಳು. "ಇದಕ್ಕೇ ನಾವು ಆ ಕೋಣೆ ಇಟ್ಟಿರೋದು!"

"ಮಗೂನ ಹೊರಗೆ ಕರ್ಕೊಂಡು ಹೋಗು ತಂಗೀ," ಅಂದ ಹೊಲೊಮನ್.

ವರ್ನೆಟಾಳ ಕೈ ಅಭ್ಯಾಸಬಲದಿಂದ ಮಗುವಿನ ಬಾಯಿಯ ಕಡೆಗೆ ಹೊರಟಿತು. ಅರ್ಧದಲ್ಲಿ ನಿಂತಿತು. ಈ ಮಗುವಿನ ಅಳು ಅವಳಿಗೆ ಗೊತ್ತು. ಹೆದರಿದ ಅಳು, ನೋವಿನ ಅಳು, ಹಸಿದ ಅಳು. ಇದು ಅದ್ಯಾವುದೂ ಅಲ್ಲ. ಕೊರಾಲಿ ಅಳುತ್ತಿರಲಿಲ್ಲ. ಬೈಯುತ್ತಿದ್ದಳು. ಮಾತಿಲ್ಲದ ಬೈಗುಳ. ಒಂದು ವರ್ಷದ ಬೈಗುಳ.

ವರ್ನೆಟಾ ಕೈ ಹಿಂದಕ್ಕೆ ತೆಗೆದುಕೊಂಡಳು. ಬಾಗಿಲ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ದೊಡ್ಡ ದನಿಯಲ್ಲಿ ಹೇಳಿದಳು:

"ನನ್ ಸಮಯ ಇವಳಿಗೆ ಬಿಟ್ಟುಕೊಟ್ಟಿದ್ದೀನಿ. ನನ್ ಮಗಳು ಮಾತಾಡ್ತಿದ್ದಾಳೆ. ಮಧ್ಯೆ ಯಾರೂ ಬಾಯಿ ಹಾಕೋ ಹಾಗಿಲ್ಲ. ನಿಯಮ."

ಮಿಸೆಸ್ ಪ್ರೂವಿಟ್ ಏನೋ ಹೇಳಹೊರಟಳು. "ಕೂತ್ಕೊಳ್ಳಮ್ಮ, ಮಗು ಮಾತಾಡ್ತಿಲ್ವಾ?" ಎಂದು ಹಿಂದಿನ ಸಾಲಿನಿಂದ ಯಾರೋ ಗದರಿದರು. ಪೊಲೀಸಿನವನು ಹೊಲೊಮನ್ ಮುಖ ನೋಡಿದ. ಹೊಲೊಮನ್ ಗಡಿಯಾರ ನೋಡಿದ. ಗಂಟೆ ಹೊಡೆಯಿತು. ಕೊರಾಲಿ ನಿಲ್ಲಿಸಲಿಲ್ಲ.

"ಸಮಯ ಮುಗೀತು," ಅಂದ.

"ನನ್ ಸಮಯಾನೂ ಅವಳಿಗೇ," ಅಂದಳು ಡಾರ್ಲಾ. "ವೇಡ್‌ನ ಅಮ್ಮ ನಾನು. ಬರ್ಕೊಳ್ಳಿ."

ಹೊಲೊಮನ್ ಬೇಡ ಅನ್ನುವ ಹಾಗಿರಲಿಲ್ಲ. ನಿಯಮ ಅವನದೇ. ಗಡಿಯಾರದ ಕಿವಿ ತಿರುಗಿಸಿದ. ಗಂಟೆ ಮತ್ತೆ ಹೊಡೆಯಿತು.

"ನಂದೂ ಅವಳಿಗೇ," ಅಂದಳು ಲೂವೀನಿಯಾ. "ಎಪ್ಪತ್ತು ವರ್ಷ ಸುಮ್ನಿದ್ದೆ. ಮೂರು ನಿಮಿಷ ಇಟ್ಕೊಂಡು ನಾನೇನು ಮಾಡ್ಲಿ?"

ಹಾಲ್‌ನ ಬಾಗಿಲ ಹತ್ತಿರ ಡೆಲ್ಮರ್ ನಿಂತಿದ್ದ. ಶಾಲೆಯ ಹೆಸರಿದ್ದ ಅಂಗಿಯಲ್ಲೇ ಬಂದಿದ್ದ. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನಂದೂ," ಅಂದ. "ಆ ಚಿಲಕ ಹಾಕಿದ ಕೈ ಇದು. ಅದನ್ನೂ ಬರ್ಕೊಳ್ಳಿ."

ಕೊರಾಲಿ ಮುಗಿಸಿದಾಗ ಯಾರ ಸಮಯ ನಡೆಯುತ್ತಿತ್ತೋ ಲೆಕ್ಕ ಇಟ್ಟವರಿರಲಿಲ್ಲ. ಅವಳ ದನಿ ಕಟ್ಟಿತ್ತು. ಮೈಯೆಲ್ಲ ಬೆವರು. ಬಾಗಿಲ ಮೇಲೆ ಕಾಲು ಚಾಚಿ ಕೂತು ಒಂದು ಬೂಟು ಬಿಚ್ಚಿ ಎಸೆದಳು. ಅದು ಮಂಡಳಿಯ ಮೇಜಿನ ಕೆಳಗೆ ಹೋಗಿ ಬಿತ್ತು. ಯಾರೂ ಎತ್ತಿಕೊಡಲಿಲ್ಲ, ಯಾರೂ ಒದೆಯಲೂ ಇಲ್ಲ.

ಹೊಲೊಮನ್ ಕನ್ನಡಕ ತೆಗೆದು ಒರೆಸಿಕೊಂಡ. "ಆಯ್ತು ತಂಗೀ. ಎಲ್ಲ ಕೇಳಿದ್ವಿ. ಮಂಡಳಿ ಇದನ್ನ ಯೋಚನೆ ಮಾಡತ್ತೆ. ಈಗಲಾದ್ರೂ ಬಾಗಿಲು ವಾಪಸ್ ತಗೊಂಡು ಹೋಗಿ ಹಾಕು."

ವರ್ನೆಟಾ ಎದ್ದಳು. ಸೊಂಟದ ನೋವಿಗೆ ಒಂದು ಕೈ ಮೊಣಕಾಲಿಗೆ ಊರಬೇಕಾಯಿತು. ಆ ಮೇಜಿನ ಹಿಂದಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದಳು.

"ನಾಳೆ ಬೆಳಿಗ್ಗೆ ನನ್ ಮಗಳು ಶಾಲೆಗೆ ಬರ್ತಾಳೆ ಅಣ್ಣ," ಅಂದಳು. "ಬಾಗಿಲು ಬರಲ್ಲ."